ಚಪ್ಪಲಿ ಕಳಚಿದ್ದು ಗೊತ್ತಾಗದಿದ್ದರೆ

"ಮೇಷ್ಟ್ರೇ, ನೋವು ಹೋಯ್ತು" ಅಂತ ನಗುತ್ತಾ ಅವನು ನಮ್ಮ ಜಗಲಿ ಹತ್ತಿದ. ಮೂರು ವಾರದಿಂದ ಎಡಗಾಲು ಹಿಡಿದುಕೊಂಡು ರಾತ್ರಿಯೆಲ್ಲ ಒದ್ದಾಡಿದ್ದ ಮನುಷ್ಯ. ಕಿಬ್ಬನಹಳ್ಳಿ ಸುತ್ತಮುತ್ತ ಕಾಯಿ ಸುಲಿಯುವುದರಲ್ಲಿ ಎತ್ತಿದ ಕೈ. ನನಗೂ ಖುಷಿಯಾಯಿತು. ಆದರೆ ಅವನು ನಡೆದು ಬಂದ ದಾರಿಯಲ್ಲಿ, ಅಂಗಳದ ನಡುವೆ, ಒಂದು ಹವಾಯಿ ಚಪ್ಪಲಿ ಬಿದ್ದಿತ್ತು. ಎಡಗಾಲಿನದು. ಕಳಚಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

"ಮೂರು ದಿನದಿಂದ ಹಿಂಗೇ ಮೇಷ್ಟ್ರೇ, ಹೊಸಾ ಚಪ್ಪಲಿ, ಸಡಿಲ ಇರ್ಬೇಕು" ಅಂದ. ಚಪ್ಪಲಿ ಸಡಿಲ ಇರಲಿಲ್ಲ. ಪಾದ ಎತ್ತಿ ಹಿಡಿಯುವ ಶಕ್ತಿ ಹೋಗಿತ್ತು.

ಆವತ್ತು ಅವನನ್ನು ಕೂರಿಸಿಕೊಂಡು ಹೇಳಿದ ಪಾಠವನ್ನೇ ಈಗ ನಿಮಗೂ ಹೇಳುತ್ತಿದ್ದೇನೆ. ಸೊಂಟದಿಂದ ಕಾಲಿಗೆ ಇಳಿಯುವ ನೋವು ಮೊದಲ ಸಲ ಬಂದವರಿಗೆ, ಮನೆಯಲ್ಲಿ ಯಾರಿಗಾದರೂ ಬಂದು ಏನು ಮಾಡಬೇಕೆಂದು ತೋಚದವರಿಗೆ ಇದು. ನಾನು ಡಾಕ್ಟರಲ್ಲ, ವಿಜ್ಞಾನ ಹೇಳಿಕೊಡುತ್ತಿದ್ದ ಮೇಷ್ಟ್ರು. ಚಿಕಿತ್ಸೆ ಹೇಳಲಾರೆ. ಯಾವಾಗ ಕಾಯಬಹುದು, ಯಾವಾಗ ಕಾಯಬಾರದು ಅನ್ನುವುದನ್ನು ಹೇಳಿಕೊಡಬಲ್ಲೆ.

ನಮ್ಮದು ತೆಂಗಿನ ಸೀಮೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ದಾರಿಗಳು ಕಿಬ್ಬನಹಳ್ಳಿ ಕ್ರಾಸಿನಲ್ಲಿ, ಅಂದರೆ ನಮ್ಮ ಕೆ.ಬಿ. ಕ್ರಾಸಿನಲ್ಲಿ, ಕೂಡುತ್ತವೆ. ಈ ಸೀಮೆಯ ದುಡಿಮೆಯೆಲ್ಲ ಸೊಂಟದ ಮೇಲೇ ನಡೆಯುವಂಥದ್ದು. ಕಾಯಿ ಸುಲಿಯುವವರನ್ನು ಹತ್ತಿರದಿಂದ ನೋಡಿ. ಬಗ್ಗಿ ರಾಶಿಯಿಂದ ಕಾಯಿ ಎತ್ತುತ್ತಾರೆ, ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಮೈಭಾರ ಹಾಕಿ ಒತ್ತುತ್ತಾರೆ, ಸೊಂಟ ತಿರುಚಿ ಮಟ್ಟೆ ಬಿಡಿಸುತ್ತಾರೆ. ಕೂಲಿ ಸಾವಿರ ಕಾಯಿಗೆ ಇಷ್ಟು ಅನ್ನುವ ಲೆಕ್ಕ. ಅಂದರೆ ಬಗ್ಗುವುದು, ಒತ್ತುವುದು, ತಿರುಚುವುದು ಒಂದೊಂದೂ ಸಾವಿರ ಸಲ. ಅದರ ಮೇಲೆ ಅಟ್ಟಕ್ಕೆ ಕಾಯಿ ಏರಿಸಬೇಕು, ತಿಂಗಳುಗಟ್ಟಲೆ ಇಟ್ಟು ಒಳಗಿನ ನೀರು ಬತ್ತಿದ ಮೇಲೆ ಇಳಿಸಬೇಕು, ಕೂತು ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯಬೇಕು, ಚೀಲ ತುಂಬಿ ತಿಪಟೂರಿನ ಮಾರುಕಟ್ಟೆಗೆ ಹಾಕಬೇಕು. ಹೆಂಗಸರಿಗೆ ಹುಲ್ಲಿನ ಹೊರೆ, ಹಾಲು ಕರೆಯುವುದು, ಕೊಟ್ಟಿಗೆ ಬಾಚುವುದು ಬೇರೆ. ಹಾಗಂತ ಭಾರ ಎತ್ತುವವರಿಗೆ ಮಾತ್ರ ಈ ನೋವು ಅಂದುಕೊಳ್ಳಬೇಡಿ. ದಿನವಿಡೀ ಸೀಟಿನಲ್ಲಿ ಕೂತು ಗಾಡಿ ಓಡಿಸುವ ಡ್ರೈವರಿಗೂ ಬರುತ್ತದೆ, ಏನೂ ಕಾರಣ ಕಾಣದೆಯೂ ಬರುತ್ತದೆ.

ನಮ್ಮಲ್ಲಿ ಇದಕ್ಕೆ ಹೆಸರು ಹಲವು. ಸೊಂಟ ಹಿಡಿದಿದೆ, ಚಳುಕು ಬಂದಿದೆ, ನರ ಎಳೀತಿದೆ, ಉಳುಕಿದೆ ಅನ್ನುತ್ತಾರೆ. ಡಾಕ್ಟರು ಸಯಾಟಿಕಾ ಅನ್ನುತ್ತಾರೆ. ಆಯುರ್ವೇದದಲ್ಲಿ ಇದು ಗೃಧ್ರಸಿ. ಗೃಧ್ರ ಅಂದರೆ ಹದ್ದು. ರೋಗಿಯ ನಡಿಗೆ ಹದ್ದಿನ ನಡಿಗೆಯಂತಾಗುತ್ತದೆ ಅಂತ ಆ ಹೆಸರು ಬಂತೆಂದು ಹೇಳುತ್ತಾರೆ. ಪಿರ್ರೆಯಿಂದ ಶುರುವಾಗಿ ಸೊಂಟ, ತೊಡೆ, ಮಂಡಿ, ಮೀನಖಂಡ, ಪಾದಕ್ಕೆ ಹಬ್ಬುವ ನೋವೆಂದು ಚರಕ ಸಂಹಿತೆಯ ವಾತವ್ಯಾಧಿ ಅಧ್ಯಾಯ ಇದನ್ನು ವರ್ಣಿಸುತ್ತದೆ. ಅಷ್ಟು ಹಿಂದೆಯೇ ಈ ದಾರಿಯನ್ನು ಹೀಗೆ ಗುರುತಿಸಿಟ್ಟಿದ್ದಾರಲ್ಲ ಅಂತ ನನಗೆ ಪ್ರತಿ ಸಲ ಓದಿದಾಗಲೂ ಬೆರಗು. ಯುರೋಪಿನಲ್ಲಿ ಇದು ನರದ ನೋವು ಅಂತ ಬಿಡಿಸಿ ಬರೆದವರು ನೇಪಲ್ಸ್‌ನ ವೈದ್ಯ ಡೊಮೆನಿಕೊ ಕೊಟುನ್ಯೊ, 1764ರಲ್ಲಿ. ಆ ನರವನ್ನು ಒತ್ತುತ್ತಿರುವುದು ಬಹುಪಾಲು ಬೆನ್ನುಮೂಳೆಗಳ ನಡುವಿನ ಡಿಸ್ಕು ಅಂತ ಜಗತ್ತಿಗೆ ಮನವರಿಕೆಯಾದದ್ದು 1934ರಲ್ಲಿ, ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರ ಬರಹದಿಂದ.

ಡಿಸ್ಕು ಅಂದರೇನು? ಒಂದು ಎಳನೀರು ಕೊಚ್ಚಿ ನೋಡಿದರೆ ಸಾಕು. ಹೊರಗೆ ಪದರ ಪದರವಾದ ಗಟ್ಟಿ ನಾರು, ಒಳಗೆ ಮೆತ್ತನೆ ಗಂಜಿ. ಬೆನ್ನಿನ ಒಂದೊಂದು ಮೂಳೆಯ ನಡುವೆಯೂ ಹೀಗೇ ಹೊರಗೆ ನಾರು, ಒಳಗೆ ಗಂಜಿಯಿರುವ ಚಪ್ಪಟೆ ಬಿಲ್ಲೆ ಇರುತ್ತದೆ. ನಾರು ಸವೆದು ಸೀಳಿದಾಗ ಒಳಗಿನದು ಹೊರಕ್ಕೆ ಉಬ್ಬುತ್ತದೆ ಅಥವಾ ಹೊರಗೇ ಬರುತ್ತದೆ. ಉಬ್ಬಿದ ಜಾಗದಲ್ಲೇ ನರದ ಬೇರು ಇದ್ದರೆ ಅದಕ್ಕೆ ಒತ್ತಡ, ಉರಿ. ಸೊಂಟದ ಕೊನೆಯ ಎರಡು ಮಟ್ಟದಲ್ಲಿ ಇದು ಹೆಚ್ಚು. ಸೊಂಟದಿಂದ ಹೊರಡುವ ಐದು ಬೇರುಗಳು ಕೂಡಿಕೊಂಡು ಆಗುವ ಸಯಾಟಿಕ್ ನರ ಮೈಯಲ್ಲೆಲ್ಲ ಅತಿ ದಪ್ಪನೆಯದು, ಒಂದು ಬೆರಳಿನಷ್ಟು. ಪಿರ್ರೆಯ ಒಳಗಿನಿಂದ ಹಾದು, ತೊಡೆಯ ಹಿಂದೆ ಇಳಿದು, ಮಂಡಿಯ ಹತ್ತಿರ ಕವಲಾಗಿ ಪಾದದ ತುದಿಯವರೆಗೆ ಹೋಗುತ್ತದೆ.

ಆದ್ದರಿಂದಲೇ ನೋವು ಒಂದು ಕಡೆ, ತೊಂದರೆ ಇನ್ನೊಂದು ಕಡೆ. ಬೋರ್‌ವೆಲ್ ಪಕ್ಕದಲ್ಲಿ ಡ್ರಿಪ್ ಪೈಪಿನ ಮೇಲೆ ಕಲ್ಲು ಕೂತರೆ ಒಣಗುವುದು ತೋಟದ ತುದಿಯ ಮರ. ಆ ಮರದ ಬುಡ ಅಗೆದರೆ ಕಲ್ಲು ಸಿಗುವುದಿಲ್ಲ. ಮೀನಖಂಡಕ್ಕೆ ದಿನಾ ಎಣ್ಣೆ ತಿಕ್ಕಿ ತಿಕ್ಕಿ "ಇಲ್ಲೇ ಇದೆ ನೋಡಿ ನರ" ಅನ್ನುವವರಿಗೆ ನಾನು ಈ ಕಲ್ಲಿನ ಮಾತೇ ಹೇಳುವುದು.

ಇದು ಸಯಾಟಿಕಾನೋ ಬರೀ ಸೊಂಟನೋವೋ ಅಂತ ಹೇಗೆ ತಿಳಿಯುವುದು? ಸಾಮಾನ್ಯವಾಗಿ ಒಂದೇ ಕಾಲು. ಸೊಂಟಕ್ಕಿಂತ ಕಾಲಿನಲ್ಲೇ ಹೆಚ್ಚು ನೋವು, ಅದೂ ಮಂಡಿಯ ಕೆಳಗೆ ಇಳಿಯುವಂಥದ್ದು. ಮಿಂಚು ಹೊಡೆದಂತೆ, ಕಾದ ತಂತಿ ಎಳೆದಂತೆ. ಕೆಮ್ಮಿದರೆ, ಸೀನಿದರೆ, ಕಕ್ಕಸಿನಲ್ಲಿ ಮುಕ್ಕಿದರೆ ಜೋರಾಗುತ್ತದೆ. ಕೂತರೆ ಹೆಚ್ಚು, ಅಡ್ಡಾಡಿದರೆ ಕೊಂಚ ವಾಸಿ ಅನ್ನುವವರೇ ಬಹಳ. ಪಾದದಲ್ಲಿ ಜೋಮು, ಇರುವೆ ಹರಿದಂತೆ. ಅಂಗಾತ ಮಲಗಿಸಿ ಮಂಡಿ ಮಡಿಸದೆ ಆ ಕಾಲನ್ನು ಮೇಲೆತ್ತಿದರೆ ನೋವು ಮಂಡಿ ದಾಟಿ ಕೆಳಗೆ ಓಡುತ್ತದೆ. ಡಾಕ್ಟರು ಮೊದಲು ಮಾಡಿ ನೋಡುವ ಪರೀಕ್ಷೆ ಇದೇ.

ಇದೇ ಥರ ಕಾಣುವ ಬೇರೆ ಕಾಯಿಲೆಗಳೂ ಇವೆ. ಸಕ್ಕರೆ ಕಾಯಿಲೆಯವರಿಗೆ ಎರಡೂ ಅಂಗಾಲು ಉರಿಯುವುದು ಬೇರೆ. ಬೀಡಿ ಸೇದುವವರಿಗೆ ಸ್ವಲ್ಪ ದೂರ ನಡೆದರೆ ಮೀನಖಂಡ ಬಿಗಿದು, ನಿಂತರೆ ಕಮ್ಮಿಯಾಗುವುದು ಬೇರೆ. ಅದು ರಕ್ತನಾಳದ ತೊಂದರೆ ಇರಬಹುದು. ಒಂದೇ ಮೀನಖಂಡ ಊದಿ ಬಿಸಿಯಾಗಿ ಬಿಗಿದಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಆವತ್ತೇ ತೋರಿಸಬೇಕು, ತಿಕ್ಕಲೇಬಾರದು. ಕಾಲಿನ ಒಂದು ಪಟ್ಟಿಯಲ್ಲಿ ಉರಿ ಬಂದು ಎರಡು ಮೂರು ದಿನಕ್ಕೆ ಗುಳ್ಳೆ ಎದ್ದರೆ ಅದು ಸರ್ಪಸುತ್ತು.

ಈಗ ಸಮಾಧಾನದ ಮಾತು. ಹೊಸದಾಗಿ ಬಂದ ಸಯಾಟಿಕಾ ಬಹುಪಾಲು ಜನರಲ್ಲಿ ಆರರಿಂದ ಹನ್ನೆರಡು ವಾರದೊಳಗೆ ತಾನಾಗಿ ತಗ್ಗುತ್ತದೆ. ಹೊರಬಂದ ಡಿಸ್ಕಿನ ಚೂರನ್ನು ಮೈಯೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಹಾಗಾದರೆ ಅಲ್ಲಿಯವರೆಗೆ ಅಲ್ಲಾಡದೆ ಮಲಗಬೇಕೆ? ನೆದರ್ಲೆಂಡ್ಸ್‌ನಲ್ಲಿ 183 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಎರಡು ವಾರ ಹಾಸಿಗೆಯಲ್ಲಿ ಮಲಗಿಸಿ, ಇನ್ನೊಂದನ್ನು ಓಡಾಡಲು ಬಿಟ್ಟು ನೋಡಿದರು, 1999ರಲ್ಲಿ ಪ್ರಕಟವಾಯಿತು. ಹನ್ನೆರಡನೇ ವಾರಕ್ಕೆ ಎರಡೂ ಗುಂಪಿನಲ್ಲಿ ಸುಧಾರಿಸಿದವರು ನೂರಕ್ಕೆ 87. ಮಲಗಿದ್ದರಿಂದ ಏನೂ ಹೆಚ್ಚು ಸಿಗಲಿಲ್ಲ. ತೀರಾ ತಡೆಯದ ಒಂದೆರಡು ದಿನ ಮಲಗಿ, ತಪ್ಪಲ್ಲ. ಆಮೇಲೆ ಎದ್ದು ಅಂಗಳದಲ್ಲೇ ನಾಲ್ಕು ಹೆಜ್ಜೆ, ತೋಟದ ಬದುವಿನವರೆಗೆ ಹತ್ತು ನಿಮಿಷ, ದಿನಕ್ಕೆ ನಾಲ್ಕಾರು ಸಲ. ಸುಲಿಯುವುದು, ಚೀಲ ಎತ್ತುವುದು ಕೆಲವು ವಾರ ಬೇಡ. ಬಿಸಿನೀರಿನ ಶಾಖ ಹಿತವೆನಿಸಿದರೆ ಕೊಡಿ. ಜೋಮು ಹಿಡಿದ ಜಾಗಕ್ಕೆ ಮಾತ್ರ ಬೇಡ, ಸುಟ್ಟರೂ ತಿಳಿಯುವುದಿಲ್ಲ. ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆಯನ್ನು ನಿಮ್ಮಷ್ಟಕ್ಕೆ ವಾರಗಟ್ಟಲೆ ನುಂಗಬೇಡಿ. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಬಿಪಿ, ಶುಗರು, ಕಿಡ್ನಿ ತೊಂದರೆ ಇರುವವರಿಗೆ ಕಿಡ್ನಿಯೇ ಕೆಡಬಹುದು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು. ನಾವು ಕಾಯಿಲೆಯನ್ನು ನೋವಿನಿಂದ ಅಳೆಯುತ್ತೇವೆ. ಜೋರಾಗಿ ನೋಯುತ್ತಿದ್ದರೆ ದೊಡ್ಡ ಕಾಯಿಲೆ, ನೋವು ತಗ್ಗಿದರೆ ವಾಸಿ. ಸಯಾಟಿಕಾದಲ್ಲಿ ಈ ಅಳತೆಗೋಲು ನಂಬಿಕಸ್ಥವಲ್ಲ. ಕೆರಳಿದ ನರ ಅರಚುತ್ತದೆ. ತೀರಾ ಒತ್ತಿಹೋದ ನರ ಸುಮ್ಮನಾಗುತ್ತದೆ. ನೋವು ತಗ್ಗಿ ಕಾಲಿನ ಶಕ್ತಿ ಮೊದಲಿನಂತೇ ಇದ್ದರೆ ಅದು ವಾಸಿ. ನೋವು ತಗ್ಗಿ ಜೋಮು ಹೆಚ್ಚಿ ಪಾದ ಸೋತರೆ ಅದು ಅಪಾಯ. ಅಂಗಳದಲ್ಲಿ ಚಪ್ಪಲಿ ಬಿಟ್ಟು ನಗುತ್ತಾ ಬಂದನಲ್ಲ, ಅವನಿಗೆ ಆಗಿದ್ದು ಇದೇ.

ಆದ್ದರಿಂದ ದಿನಾ ಬೆಳಿಗ್ಗೆ ಒಂದು ನಿಮಿಷ ಕಾಲಿನ ಶಕ್ತಿ ನೋಡಿಕೊಳ್ಳಿ. ಗೋಡೆಗೆ ಕೈ ಊರಿ ನಿಂತು, ಮುಂಗಾಲು ಎತ್ತಿ ಬರೀ ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ಇಡಿ. ನೋಯುವ ಕಡೆಯ ಪಾದ ಕೆಳಗೆ ಜೋತುಬೀಳುತ್ತದೆಯೇ? ಆಮೇಲೆ ತುದಿಗಾಲಿನಲ್ಲಿ, ಅಟ್ಟದ ಮೇಲಿನದನ್ನು ಎಟುಕಿಸಿಕೊಳ್ಳುವ ಹಾಗೆ, ಒಂದೊಂದೇ ಕಾಲಿನ ಮೇಲೆ ಏಳಿ. ಒಂದು ಕಡೆ ಏಳಲಾಗುತ್ತಿಲ್ಲವೇ? ಕೂತುಕೊಂಡು ಎರಡೂ ಕಾಲಿನ ಹೆಬ್ಬೆರಳನ್ನು ಮೇಲಕ್ಕೆ ಎತ್ತಿ, ಮನೆಯವರಿಗೆ ಬೆರಳಿನಿಂದ ಕೆಳಕ್ಕೆ ಒತ್ತಲು ಹೇಳಿ. ಒಂದು ಹೆಬ್ಬೆರಳು ಸುಲಭವಾಗಿ ಸೋಲುತ್ತದೆಯೇ? ನಡೆಯುವಾಗ ಪಾದ ನೆಲಕ್ಕೆ ಪಟ್ ಪಟ್ ಅಂತ ಬಡಿಯುತ್ತದೆಯೇ, ಮೆಟ್ಟಿಲಿಗೆ ಬೆರಳು ತಗಲುತ್ತದೆಯೇ, ಮೆಟ್ಟಿಲು ಹತ್ತುವಾಗ ಮಂಡಿ ಕುಸಿಯುತ್ತದೆಯೇ? ಇವುಗಳಲ್ಲಿ ಯಾವುದೇ ಒಂದು ಹೊಸದಾಗಿ ಕಂಡರೆ, ಅಥವಾ ನಿನ್ನೆಗಿಂತ ಇವತ್ತು ಹೆಚ್ಚಾಗಿದ್ದರೆ, ಆವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಕೊಬ್ಬರಿ ಹರಾಜು ಮುಗಿಯಲಿ, ಹಬ್ಬ ಕಳೆಯಲಿ ಅನ್ನಬಾರದು.

ಇದಕ್ಕಿಂತ ತುರ್ತಾದದ್ದು ಇನ್ನೊಂದಿದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ನಾನು ಬಿಡಿಸಿ ಹೇಳುತ್ತೇನೆ. ಬೆನ್ನುಹುರಿ ಮುಗಿದ ಮೇಲೆ ಅದರ ಕೆಳಗೆ ನರಗಳು ಕುದುರೆಯ ಬಾಲದ ಹಾಗೆ ಗೊಂಚಲಾಗಿ ಇಳಿಯುತ್ತವೆ. ಉಚ್ಚೆ, ಕಕ್ಕಸಿನ ಹಿಡಿತಕ್ಕೆ, ಗುಪ್ತಾಂಗದ ಸ್ಪರ್ಶಕ್ಕೆ ಬೇಕಾದ ನರಗಳು ಆ ಗೊಂಚಲಿನಲ್ಲೇ ಇವೆ. ದೊಡ್ಡ ಡಿಸ್ಕು ಇಡೀ ಗೊಂಚಲನ್ನು ಅಮುಕಿದರೆ, ಸೈಕಲ್ ಸೀಟಿನ ಮೇಲೆ ಕೂತಾಗ ತಾಗುವ ಜಾಗವೆಲ್ಲ ಮರಗಟ್ಟುತ್ತದೆ. ತೊಳೆದುಕೊಳ್ಳುವಾಗ ನೀರು ಬಿದ್ದದ್ದು ಸರಿಯಾಗಿ ತಿಳಿಯುವುದಿಲ್ಲ. ಉಚ್ಚೆ ತುಂಬಿದರೂ ಹೋಗಬೇಕು ಅನ್ನಿಸುವುದಿಲ್ಲ, ಕೂತರೆ ಬರುವುದಿಲ್ಲ, ಅಥವಾ ತಿಳಿಯದೆ ಸೋರುತ್ತದೆ. ಕಕ್ಕಸಿನ ಹಿಡಿತ ತಪ್ಪುತ್ತದೆ. ನೋವು, ಜೋಮು ಎರಡೂ ಕಾಲಿಗೆ ಹಬ್ಬಬಹುದು. ಗಂಡಸರಲ್ಲಿ ನಿಮಿರುವಿಕೆಯೇ ನಿಂತುಹೋಗಬಹುದು.

ಇದರಲ್ಲಿ ಒಂದೇ ಒಂದು ಕಂಡರೂ ಗಂಟೆಗಳ ಲೆಕ್ಕ. ಬೆಳಗಾಗಲಿ ಅನ್ನುವ ಹಾಗಿಲ್ಲ. ಒಂದೆರಡು ದಿನದೊಳಗೆ, ಆದಷ್ಟು ಬೇಗ, ಒತ್ತಡ ತೆಗೆಯದಿದ್ದರೆ ಉಚ್ಚೆಯ ಹಿಡಿತ ಜೀವನವಿಡೀ ಮರಳದೇ ಹೋಗಬಹುದು. 108ಕ್ಕೆ ಫೋನ್ ಮಾಡಿ, ಎಂಆರ್‌ಐ ಮತ್ತು ಬೆನ್ನಿನ ಶಸ್ತ್ರಚಿಕಿತ್ಸೆ ಎರಡೂ ಇರುವ ದೊಡ್ಡ ಆಸ್ಪತ್ರೆಗೇ ಕಳಿಸಬೇಕಾಗುತ್ತದೆ ಅಂತ ಮೊದಲೇ ಹೇಳಿ. ನಮ್ಮ ಕಡೆಯಿಂದ ಅದು ತುಮಕೂರು, ಇಲ್ಲವೇ ಬೆಂಗಳೂರು.

ನನ್ನ ಕಳವಳವೆಲ್ಲ ಮನೆಯ ಹೆಂಗಸರ ಬಗ್ಗೆ. ಸೊಂಟನೋವು ಅಂತ ನೆರೆಮನೆಯ ಅಕ್ಕನ ಹತ್ತಿರ ಹೇಳುತ್ತಾರೆ, ಉಚ್ಚೆ ಕಟ್ಟಿದೆ ಅಂತ ಗಂಡನಿಗೂ ಹೇಳುವುದಿಲ್ಲ. ಅಮ್ಮನಿಗೆ, ಅತ್ತೆಗೆ ಕಾಲುನೋವು ಬಂದಿದ್ದರೆ ಮಗಳೋ ಸೊಸೆಯೋ ಪಕ್ಕದಲ್ಲಿ ಕೂತು ನೇರವಾಗಿ ಕೇಳಬೇಕು: "ಒಂದಕ್ಕೆ ಸರಿಯಾಗಿ ಹೋಗ್ತಿದೆಯಾ? ತೊಳ್ಕೊಂಡ್ರೆ ಗೊತ್ತಾಗುತ್ತಾ?" ವಯಸ್ಸಾದ ಗಂಡಸರಲ್ಲಿ ಉಚ್ಚೆ ಕಟ್ಟಿದರೆ ಎಲ್ಲರೂ ಪ್ರಾಸ್ಟೇಟ್ ಅಂದುಕೊಳ್ಳುತ್ತಾರೆ. ಜೊತೆಗೆ ಕಾಲುನೋವು, ಜೋಮು ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಲೇಬೇಕು.

ಇನ್ನು ಕೆಲವು ನೋವು ಡಿಸ್ಕಿನದ್ದೇ ಅಲ್ಲ. ಸೊಂಟನೋವಿನ ಜೊತೆ ಸಾಯಂಕಾಲದ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಕೆಮ್ಮಿಲ್ಲವಲ್ಲ ಅಂತ ಸುಮ್ಮನಿರಬೇಡಿ, ಮೂಳೆಯ ಕ್ಷಯಕ್ಕೆ ಕೆಮ್ಮು ಬೇಕಿಲ್ಲ. ಕ್ಷಯಕ್ಕೆ ಸರಕಾರದಲ್ಲಿ ಔಷಧಿ ಉಚಿತ. ದನಕರು ಸಾಕುವ ನಮ್ಮಂಥವರು ಇನ್ನೊಂದನ್ನೂ ನೆನಪಿಡಬೇಕು. ಕಂದು ಹಾಕುವ ರೋಗ, ಬ್ರೂಸೆಲ್ಲೋಸಿಸ್, ದನದಿಂದ ಮನುಷ್ಯರಿಗೂ ಬರುತ್ತದೆ. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟಿದ್ದರೆ, ಕಾಯಿಸದ ಹಾಲು ಕುಡಿದಿದ್ದರೆ, ಆಮೇಲೆ ಬಂದು ಹೋಗುವ ಜ್ವರ ಮತ್ತು ಸೊಂಟನೋವು ಶುರುವಾಗಿದ್ದರೆ, ಡಾಕ್ಟರಿಗೆ ಹಸುವಿನ ಸಂಗತಿಯನ್ನೂ ಹೇಳಿ. ನೀವು ಹೇಳದೆ ಅವರಿಗೆ ಹೇಗೆ ತಿಳಿಯಬೇಕು? ಮೊದಲು ಕ್ಯಾನ್ಸರ್ ಆಗಿದ್ದವರು, ಮರದಿಂದ ಬಿದ್ದವರು, ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು, ಜಾರಿಬಿದ್ದ ವಯಸ್ಸಾದ ತಾಯಂದಿರು ವಾರಗಟ್ಟಲೆ ಕಾಯದೆ ಬೇಗ ತೋರಿಸಬೇಕು.

ಇದ್ಯಾವುದೂ ಇಲ್ಲ, ಬರೀ ನೋವು. ಆಗ? ಒಂದೆರಡು ವಾರವಾದರೂ ನಿದ್ದೆ ಬಾರದಷ್ಟು ಇದ್ದರೆ ಅಥವಾ ಆರು ವಾರವಾದರೂ ಇಳಿಮುಖ ಕಾಣದಿದ್ದರೆ ಹೋಗಿ. ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ, ಆಮೇಲೆ ತಾಲ್ಲೂಕು ಆಸ್ಪತ್ರೆಯ ಮೂಳೆ ಡಾಕ್ಟರು. ಅಲ್ಲಿಂದ ಮುಂದೆ ಬೇಕಾದರೆ ತುಮಕೂರಿನ ಜಿಲ್ಲಾ ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್ ಅಥವಾ ಸಂಜಯ್ ಗಾಂಧಿ ಆಸ್ಪತ್ರೆ ಇವೆ. ಹೋಗುವಾಗ ರೇಷನ್ ಕಾರ್ಡು, ಆಧಾರ್ ಇಟ್ಟುಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅನುಕೂಲ ಇದೆ. ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೇಳುತ್ತಾರೆ. ಅದಕ್ಕೂ ಸರಕಾರಿ ಆಸ್ಪತ್ರೆಯಿಂದಲೇ ಶುರುಮಾಡುವುದು ಒಳ್ಳೆಯದು.

ಡಾಕ್ಟರ ಮುಂದೆ "ಸೊಂಟನೋವು ಸಾರ್" ಅಂತ ಒಂದೇ ಮಾತಿಗೆ ನಿಲ್ಲಿಸಬೇಡಿ. ಯಾವ ದಿನ ಶುರುವಾಯಿತು, ನೋವು ಎಲ್ಲಿಯವರೆಗೆ ಇಳಿಯುತ್ತದೆ, ಜೋಮು ಹೆಬ್ಬೆರಳಿನ ಕಡೆಯೋ ಕಿರುಬೆರಳಿನ ಕಡೆಯೋ, ಯಾವ ಶಕ್ತಿ ಕಮ್ಮಿಯಾಗಿದೆ, ಉಚ್ಚೆ ಹೇಗಿದೆ, ಏನೇನು ಮಾತ್ರೆ ನುಂಗಿದ್ದೀರಿ, ಇಷ್ಟನ್ನೂ ಹೇಳಿ. ಹೆಬ್ಬೆರಳಿನ ಕಡೆ ಜೋಮು, ಪಾದ ಎತ್ತಲಾಗದಿದ್ದರೆ ಒಂದು ಬೇರು. ಕಿರುಬೆರಳಿನ ಕಡೆ ಜೋಮು, ತುದಿಗಾಲಲ್ಲಿ ಏಳಲಾಗದಿದ್ದರೆ ಅದರ ಕೆಳಗಿನ ಬೇರು. ನಿಮ್ಮ ಮಾತಿನಿಂದಲೇ ಅವರು ಅರ್ಧ ಜಾಗ ಹಿಡಿಯುತ್ತಾರೆ.

ಮೊದಲ ದಿನವೇ ಎಂಆರ್‌ಐ ಮಾಡಿಸಿ ಅಂತ ಹಟ ಹಿಡಿಯಬೇಡಿ. ಅಮೆರಿಕದಲ್ಲಿ 1994ರಲ್ಲಿ, ಸೊಂಟನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದರು. ನೂರಕ್ಕೆ 52 ಜನರಲ್ಲಿ ಒಂದಾದರೂ ಡಿಸ್ಕು ಉಬ್ಬಿತ್ತು. ನೋವಿಲ್ಲದವರಲ್ಲೇ ಹೀಗಾದರೆ, ಫಿಲ್ಮಿನಲ್ಲಿ ಕಂಡ ಉಬ್ಬೇ ನಿಮ್ಮ ನೋವಿಗೆ ಕಾರಣ ಅಂತ ಸುಮ್ಮನೆ ಹೇಳಲು ಬರುವುದಿಲ್ಲ. ಶಕ್ತಿ ಹೋಗಿದ್ದರೆ, ಉಚ್ಚೆಯ ತೊಂದರೆ ಇದ್ದರೆ, ಕ್ಷಯದಂಥ ಅನುಮಾನ ಇದ್ದರೆ ತಡ ಮಾಡದೆ ಬೇಕು. ಆರು ವಾರ ಕಳೆದರೂ ಬಿಡದೆ ಶಸ್ತ್ರಚಿಕಿತ್ಸೆಯ ಮಾತು ಬಂದಾಗಲೂ ಬೇಕು.

ಬೆನ್ನಿನ ಆಪರೇಷನ್ ಅಂದರೆ ಕಾಲೇ ಹೋಗುತ್ತದೆ ಅನ್ನುವ ಹೆದರಿಕೆ ನಮ್ಮೂರುಗಳಲ್ಲಿ ಗಟ್ಟಿಯಾಗಿದೆ. ಯಾವ ಶಸ್ತ್ರಚಿಕಿತ್ಸೆಗೂ ಅಪಾಯ ಇದ್ದೇ ಇದೆ, ಆದರೆ ಇಲ್ಲಿ ಮಾಡುವುದು ನರವನ್ನು ಒತ್ತುತ್ತಿರುವ ಚೂರನ್ನು ತೆಗೆಯುವುದು. ಬರೀ ನೋವಿನವರಿಗೆ ಆಯ್ಕೆ ಇದೆ. ನೆದರ್ಲೆಂಡ್ಸ್‌ನಲ್ಲೇ 283 ಜನರ ಮೇಲೆ ನಡೆದು 2007ರಲ್ಲಿ ಬಂದ ಅಧ್ಯಯನದಲ್ಲಿ, ಬೇಗ ಆಪರೇಷನ್ ಮಾಡಿಸಿಕೊಂಡ ಗುಂಪು ಬೇಗ ಸುಧಾರಿಸಿತು. ಕಾದ ಗುಂಪಿನಲ್ಲಿ ನೂರಕ್ಕೆ 39 ಜನ ಕೊನೆಗೆ ಆಪರೇಷನ್ನಿಗೇ ಹೋದರು. ವರ್ಷ ತುಂಬುವಾಗ ಎರಡೂ ಗುಂಪಿನಲ್ಲಿ ನೂರಕ್ಕೆ 95 ಜನ ವಾಸಿಯಾಗಿದ್ದರು. ಈ ಆಯ್ಕೆಯೆಲ್ಲ ಶಕ್ತಿ ಉಳಿದಿರುವವರಿಗೆ. ದಿನದಿನಕ್ಕೂ ಕಾಲು ಸೋಲುತ್ತಿರುವವರು, ಉಚ್ಚೆಯ ಹಿಡಿತ ತಪ್ಪಿದವರು ಕಾಯುವ ಗುಂಪಿಗೆ ಸೇರಿದವರಲ್ಲ.

ನಾಟಿ ವೈದ್ಯರ ಮಾತು ಬಾರದೆ ಈ ಪಾಠ ಮುಗಿಯುವುದಿಲ್ಲ. ಎಣ್ಣೆ ಹಚ್ಚಿ ಮೃದುವಾಗಿ ನೀವಿಸಿಕೊಂಡರೆ ಬಿಗಿ ಸಡಿಲುತ್ತದೆ, ಅದನ್ನು ನಾನು ಬೇಡ ಅನ್ನುವುದಿಲ್ಲ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳುವುದು, ಬೆನ್ನ ಮೇಲೆ ತುಳಿಸುವುದು, ಮೀನಖಂಡಕ್ಕೆ ಬರೆ ಹಾಕಿಸುವುದು ಬೇಡವೇ ಬೇಡ. ಸೀಳಿದ ನಾರಿಗೆ ಆ ಏಟು ಏನು ಮಾಡುತ್ತದೆ ಅಂತ ಎಳನೀರನ್ನೇ ನೆನೆಸಿಕೊಳ್ಳಿ. ಹೆಸರಿಲ್ಲದ ಪೊಟ್ಟಣದ ಪುಡಿ ತಿಂದು ಎರಡೇ ದಿನಕ್ಕೆ ಮ್ಯಾಜಿಕ್ಕಿನಂತೆ ನೋವು ಹೋದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಅದು ಶುಗರು ಏರಿಸುತ್ತದೆ, ಮೂಳೆ ಟೊಳ್ಳಾಗಿಸುತ್ತದೆ, ಒಳಗಿನ ಕ್ಷಯವನ್ನು ಮುಚ್ಚಿಟ್ಟು ಬೆಳೆಸುತ್ತದೆ.

ಚಪ್ಪಲಿ ಬಿಟ್ಟು ಬಂದವನನ್ನು ಆವತ್ತೇ ಮಧ್ಯಾಹ್ನ ಬೈಕಿನಲ್ಲಿ ಕೂರಿಸದೆ, ಕಾರು ಮಾಡಿಕೊಂಡು ತಿಪಟೂರಿಗೆ ಕರೆದುಕೊಂಡು ಹೋದೆವು. ಅಲ್ಲಿಂದ ಬೆಂಗಳೂರು, ನಾಲ್ಕನೇ ದಿನ ಆಪರೇಷನ್. ಎಂಟು ತಿಂಗಳಾಯಿತು. ಪಾದ ಎತ್ತುತ್ತಾನೆ, ಹೆಬ್ಬೆರಳು ಇನ್ನೂ ಪೂರ್ತಿ ಏಳುವುದಿಲ್ಲ. ಸುಲಿಯುವ ಕೆಲಸ ತಮ್ಮನಿಗೆ ಬಿಟ್ಟು ತಾನು ರಾಶಿಯ ಪಕ್ಕದಲ್ಲಿ ನಿಂತು ಕಾಯಿ ಎಣಿಸುತ್ತಾನೆ. ಕೆ.ಬಿ. ಕ್ರಾಸಿನಲ್ಲಿ ಎರಡೂ ಚಪ್ಪಲಿಗೆ ಹಿಮ್ಮಡಿಯ ಹಿಂದೆ ಪಟ್ಟಿ ಹೊಲಿಸಿಕೊಂಡಿದ್ದಾನೆ.